ಕೆಂಪಾಗದ ಹೆಸರು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಎಲೆಕ್ಟ್ರಿಕ್ ಅಂಗಡಿಯವನು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಯಲ್ಲಿ ವಕೀಲರ ನೋಟಿಸು. ಇನ್ನೂರಕ್ಕೂ ಹೆಚ್ಚು ಫ್ಯಾನ್ ತರಿಸಿಕೊಂಡು ಹಣ ಕೊಟ್ಟಿಲ್ಲವೆಂದು ಕಂಪನಿ ಅವನ ಮೇಲೆ ಬಿದ್ದಿತ್ತು.

“ಒಂದೂ ತರಿಸಿಲ್ಲ ಮೇಡಂ. ನನ್ನ ಅಂಗಡೀಲಿ ನಾನು ನಿಂತ್ರೆ ಗಿರಾಕಿಗೆ ಜಾಗ ಇಲ್ಲ. ಅಷ್ಟೊಂದು ಫ್ಯಾನ್ ಎಲ್ಲಿಡ್ಲಿ, ತಲೆ ಮೇಲಾ?”

“ಫ್ಯಾನ್ ಇರೋದೇ ತಲೆ ಮೇಲಲ್ವಾ,” ಎಂದ ಮೀಸೆ ದಫೇದಾರ. ಇನ್‌ಸ್ಪೆಕ್ಟರ್ ಕಣ್ಣು ಕೆಕ್ಕರಿಸಿದಳು. ಆತ ತೆಪ್ಪಗೆ ಎಫ್‌ಐಆರ್ ಬರೆಯಲು ಕೂತ: ವಂಚನೆ, ಖೋಟಾ ಸಹಿ.

ಮಧ್ಯಾಹ್ನ ಕಂಪನಿಯ ಕಚೇರಿಯಲ್ಲಿ ಮಾರಾಟ ವಿಭಾಗದ ಮ್ಯಾನೇಜರ್ ದೊಡ್ಡ ಪರದೆಯ ಪಕ್ಕದಲ್ಲಿ ಹೊಸ ಮದುಮಗನ ಹಾಗೆ ನಿಂತ.

“ಮುಂಚೆ ಎಲ್ಲರೂ ಎಕ್ಸೆಲ್ ಹಾಳೆ ಕಳಿಸ್ತಿದ್ರು, ಒಬ್ಬೊಬ್ಬರದು ಒಂದೊಂದು ಥರ. ಕೂಡಿಸಿ ಕಳೆದು ನನ್ನ ಜೀವ ಹೋಗ್ತಿತ್ತು. ಈಗ ವೆಬ್‌ಸೈಟಲ್ಲೇ ತುಂಬ್ತಾರೆ. ಹೋದ ತಿಂಗಳ ಮಾರಾಟ ನೋಡಿ ಮುಂದಿನ ತಿಂಗಳ ಅಂದಾಜು ಅದೇ ಹಾಕುತ್ತೆ.”

“ಅಂದಾಜು ಮುಟ್ಟದಿದ್ರೆ?” ಇನ್‌ಸ್ಪೆಕ್ಟರ್ ಕೇಳಿದಳು.

“ಹೆಸರು ಕೆಂಪಾಗುತ್ತೆ. ಸತತ ಮೂರು ತಿಂಗಳು ಕೆಂಪಾದ್ರೆ ಮನೆಗೆ.”

“ಈ ಅಂಗಡಿಯ ಆರ್ಡರ್ ಹಾಕಿದ್ದು ಯಾರು?”

“ನಮ್ಮಲ್ಲೇ ಒಳ್ಳೇ ಮಾರಾಟಗಾರ ಮೇಡಂ. ಈಚೆಗೆ ಒಂದು ತಿಂಗಳೂ ಕೆಂಪಾಗಿಲ್ಲ.”

ರಶೀದಿಗಳ ಮೇಲಿದ್ದ ಅಂಗಡಿಯವನ ಸಹಿ ಒಂದರಂತೆ ಒಂದಿರಲಿಲ್ಲ. ಸಾಮಾನು ಸಾಗಿಸಿದ ವ್ಯಾನಿನ ಡ್ರೈವರ್‌ನನ್ನು ಕರೆಸಿದರೆ, ಪ್ರಶ್ನೆ ಕೇಳುವ ಮೊದಲೇ ಅವನು ಬಾಯಿ ಬಿಟ್ಟ.

“ಅಂಗಡಿಯ ಗೋಡೌನು ಅಂತ ಮಾರಾಟಗಾರರು ಒಂದು ಮನೆ ತೋರಿಸಿದ್ರು, ಇಳಿಸಿದೆ. ಗೋಡೌನಲ್ಲಿ ಸೀರೆ ಒಣಗಾಕಿದ್ರು. ಊರ ಉಸಾಬರಿ ನನಗ್ಯಾಕೆ ಅಂತ ಸುಮ್ಮನಾದೆ.”

ಸಂಜೆ ಇನ್‌ಸ್ಪೆಕ್ಟರ್, ದಫೇದಾರ ಇಬ್ಬರು ಪಂಚರೊಂದಿಗೆ ಆ ಮನೆಗೆ ಹೋದರು. ಬಾಗಿಲು ಅರ್ಧವೇ ತೆರೆಯಿತು. ಅದರ ಹಿಂದೆ ಪೆಟ್ಟಿಗೆಗಳಿದ್ದವು. ಗೋಡೆಯಿಂದ ಗೋಡೆಗೆ ಪೆಟ್ಟಿಗೆ, ಕಿಟಕಿ ಕಾಣದಷ್ಟು ಪೆಟ್ಟಿಗೆ. ಚಾವಣಿಯಲ್ಲಿದ್ದ ಮನೆಯ ಹಳೆಯ ಫ್ಯಾನು ತಿರುಗಲೂ ಜಾಗ ಉಳಿದಿರಲಿಲ್ಲ. ಒಳಗೆ ಬೇಯುವ ಸೆಕೆ. ಸಂದಿಯಲ್ಲಿ ಹಾಸಿದ್ದ ಹಾಸಿಗೆಯ ಮೇಲೆ ಮಾರಾಟಗಾರನ ತಾಯಿ ಏದುಸಿರು ಬಿಡುತ್ತಿದ್ದಳು. ಸೊಸೆ ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಿದ್ದಳು. ಇಷ್ಟು ಫ್ಯಾನುಗಳ ನಡುವೆ! ಇನ್‌ಸ್ಪೆಕ್ಟರ್, ಬಾಗಿಲ ಬಳಿ ನಿಂತಿದ್ದ ಮಾರಾಟಗಾರನತ್ತ ತಿರುಗಿದಳು.

“ಅಮ್ಮನಿಗೆ ಒಂದನ್ನಾದ್ರೂ ಹಾಕಬಾರದಿತ್ತೇನ್ರೀ?”

“ಸೀಲ್ ಒಡೆದ್ರೆ ಕಳ್ಳತನ ಆಗುತ್ತಲ್ಲ ಮೇಡಂ,” ಎಂದ ಮಾರಾಟಗಾರ. ಅವನು ತಮಾಷೆ ಮಾಡುತ್ತಿರಲಿಲ್ಲ.

ಈಗ ಅವು ಪ್ರಕರಣದಲ್ಲಿ ಜಪ್ತಿಯಾದ ಮುದ್ದೆಮಾಲು. ಸೀಲ್ ಒಡೆಯುವ ಅಧಿಕಾರ ಆಕೆಗೂ ಇರಲಿಲ್ಲ. ದಫೇದಾರ ಪಂಚನಾಮೆ ಬರೆಯತೊಡಗಿದ.

“ಯಾಕೆ ಮಾಡಿದ್ರಿ?”

“ಹಾಳೆ ಇದ್ದಾಗ ಮ್ಯಾನೇಜರು ಫೋನ್ ಮಾಡಿ ಬೈತಿದ್ರು. ಬೈದು, ‘ಹೋಗ್ಲಿ, ಅಮ್ಮ ಹೇಗಿದ್ದಾರೆ’ ಅಂತ ಕೇಳಿ ಅವರೇ ಅಂಕಿ ಇಳಿಸ್ತಿದ್ರು. ಈ ವೆಬ್‌ಸೈಟು ಬೈಯೋದೂ ಇಲ್ಲ, ಕೇಳೋದೂ ಇಲ್ಲ. ಮೂರನೇ ಸಲ ಕೆಂಪಾಗೋದ್ರಲ್ಲಿತ್ತು. ಕೆಲಸ ಹೋದ್ರೆ ಅಮ್ಮನ ಔಷಧಿಗೆ ಏನು ಮಾಡ್ಲಿ? ಅಂಗಡಿಯವರ ಹೆಸರಲ್ಲಿ ಒಂದಿಷ್ಟು ಹಾಕಿದೆ. ಅದು ನನ್ನ ಸುಳ್ಳನ್ನ ನಂಬಿಬಿಡ್ತು ಮೇಡಂ. ಅಷ್ಟು ಮಾರಿದವನು ಇನ್ನೂ ಮಾರ್ತಾನೆ ಅಂತ ಅಂದಾಜು ಏರಿಸ್ತು. ಮತ್ತೆ ಹಾಕಿದೆ. ಮತ್ತೆ ಏರಿಸ್ತು.”

“ಇವನ್ನೇ ಮಾರಬಹುದಿತ್ತಲ್ಲ?”

“ಮಾರಿದ್ರೆ ಅಂಗಡಿಗಳಿಗೆ ಇವೇ ಸಾಕಾಗುತ್ತೆ, ಹೊಸ ಆರ್ಡರ್ ಬರಲ್ಲ. ಆ ತಿಂಗಳು ಮತ್ತೆ ಕೆಂಪು.”

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಇನ್‌ಸ್ಪೆಕ್ಟರ್ ಕೊನೆಯ ಪ್ರಶ್ನೆ ಕೇಳಿದಳು.

“ಮೊದಲ ಸಲ ಸುಳ್ಳು ಆರ್ಡರ್ ಹಾಕಿದಾಗ ಎಷ್ಟು ಕಮ್ಮಿ ಬಿದ್ದಿತ್ತು?”

“ಆರು.”

“ಆರು ಲೋಡಾ?”

“ಆರು ಫ್ಯಾನು ಮೇಡಂ.”

ಸಂಜೆ ಆರೂ ನಲವತ್ತಕ್ಕೆ ಅವನನ್ನು ಬಂಧಿಸಲಾಯಿತು. ಕಂಪನಿಯ ಗೋಡೌನು ರಿಪೇರಿಯಲ್ಲಿದೆ ಎಂಬ ಗಂಡನ ಮಾತನ್ನು ಇಷ್ಟು ದಿನ ನಂಬಿದ್ದ ಹೆಂಡತಿ, ರಟ್ಟನ್ನು ಕೈಯಲ್ಲಿ ಹಿಡಿದೇ ಜೀಪಿನ ತನಕ ಬಂದಳು.

“ಆರಾ? ನನಗೆ ಒಂದು ಮಾತು ಹೇಳಬಾರದಿತ್ತೇನ್ರೀ? ಇದೇ ಬೀದೀಲಿ ಮನೆಮನೆಗೆ ಹೋಗಿ ಸಂಜೆಯೊಳಗೆ ಮಾರಿಕೊಡ್ತಿದ್ದೆನಲ್ರೀ!”