ನಲವತ್ತೊಂದನೆಯ ಕಟ್ಟು

1983ರ ಜೂನ್ 16, ಗುರುವಾರ ಬೆಳಿಗ್ಗೆ 11.40ಕ್ಕೆ ಶಾಲಾ ಶಿಕ್ಷಕಿ ಜ್ವಾಲಾಮಾಲಿನಿ ಕೆಂಪು ಬಟ್ಟೆಯ ಒಂದು ಕಟ್ಟು ಹಿಡಿದು ಹೊಸನಗರ ಠಾಣೆಗೆ ಬಂದರು. ಹಿಂದೆಯೇ ಅವರ ದೊಡ್ಡಪ್ಪ ಇಂದ್ರಕುಮಾರ, ಪೊಲೀಸರ ಬಾಗಿಲು ತುಳಿಯಬೇಕಾಯಿತಲ್ಲ ಎಂದು ಮುಖ ಗಂಟಿಕ್ಕಿಕೊಂಡು.

ಸಬ್ ಇನ್‌ಸ್ಪೆಕ್ಟರ್ ಹೂವಪ್ಪ ಕುರ್ಚಿ ತೋರಿಸಿದರು. "ಏನು ಕಳವಾಗಿದೆ?"

"ಓಲೆಗರಿ ಪುಸ್ತಕ ಸರ್. ಕೇತಲಾಂಬೆ ಸಾಂಗತ್ಯ. ನೂರಾ ಹದಿನೆಂಟು ಗರಿ."

"ಬೆಲೆ?"

"ಹೇಳೋಕೆ ಬರಲ್ಲ. ಇರೋದೇ ಅದೊಂದು ಓಲೆಪ್ರತಿ."

ಹೂವಪ್ಪ ಎಫ್‌ಐಆರ್‌ನ ಆ ಅಂಕಣ ಖಾಲಿ ಬಿಟ್ಟು ಮುಂದೆ ಬರೆದರು.

ಆ ಮನೆಯ ಮೂರು ಪೆಟ್ಟಿಗೆಗಳಲ್ಲಿ ಇನ್ನೂರ ಹದಿನಾಲ್ಕು ಕಟ್ಟುಗಳಿದ್ದವು. ತಂದೆ ಶಾಂತಿರಾಜರು ತೀರಿಕೊಂಡ ಮೇಲೆ ಜ್ವಾಲಾಮಾಲಿನಿ ಎಂಟು ವರ್ಷ ಕೂತು ಒಂದೊಂದನ್ನೂ ಓದಿ ಪಟ್ಟಿ ಮಾಡಿದ್ದರು. ಪುಸ್ತಕದ ಹೆಸರು, ಗರಿಗಳ ಸಂಖ್ಯೆ, ಮೊದಲ ಪದ್ಯ, ಕೊನೆಯ ಪದ್ಯ. ಮಾರ್ಚಿನಲ್ಲಿ ಅದನ್ನು ಸೈಕ್ಲೋಸ್ಟೈಲ್ ಮಾಡಿಸಿ ಎಂಬತ್ತು ವಿಳಾಸಗಳಿಗೆ ಅಂಚೆಯಲ್ಲಿ ಕಳಿಸಿದ್ದರು. 'ಬೇಕಾದವರು ಬಂದು ಓದಬಹುದು, ನಕಲು ಮಾಡಿಕೊಳ್ಳಬಹುದು' ಎಂದು ಮೇಲೆಯೇ ಬರೆದಿತ್ತು. ಇಂದ್ರಕುಮಾರ ಇದಕ್ಕೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಒಂದು ಕಟ್ಟು ಹೋದರೂ ಪೆಟ್ಟಿಗೆಗಳಿಗೆ ಬೀಗ, ಆಮೇಲೆ ಯಾರಿಗೂ ತೆಗೆಯುವಂತಿಲ್ಲ.

"ಬೀಗ ತಂದಾಗಿದೆ," ಎಂದರು ಇಂದ್ರಕುಮಾರ.

ಜೈನರ ಮನೆಯಲ್ಲಿ ಶ್ರುತಪಂಚಮಿಯೆಂದರೆ ಪುಸ್ತಕಗಳ ಹಬ್ಬ. ಅಂದು ಎಲ್ಲ ಕಟ್ಟು ಬಿಚ್ಚಿ, ಧೂಳು ಒರೆಸಿ, ಗರಿಗಳಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿ ಪೂಜೆ ಮಾಡುತ್ತಾರೆ. ದೂರಿನ ಹಿಂದಿನ ದಿನ, ಬುಧವಾರ, ಹಾಗೆ ಬಿಚ್ಚುವಾಗ ನಲವತ್ತೊಂದನೆಯ ಕಟ್ಟಿನ ಹಲಗೆಗಳ ನಡುವೆ ಬೇರೆ ಯಾವುದೋ ಗರಿಗಳಿದ್ದವು. ಅಳತೆಯಲ್ಲಿ ಒಂದು ಬೆರಳು ಗಿಡ್ಡ.

"ಅದರಲ್ಲಿ ಏನು ಬರೆದಿದೆ?"

"ಓದಿಲ್ಲ ಸರ್. ನೀವು ನೋಡೋ ತನಕ ಮುಟ್ಟಬಾರದು ಅಂತ ಹಾಗೇ ಕಟ್ಟಿ ತಂದೆ."

ಮಧ್ಯಾಹ್ನ 2.15ಕ್ಕೆ ಹೂವಪ್ಪ ಆ ಮನೆಯಲ್ಲಿ ಪಂಚನಾಮೆ ಮಾಡಿದರು. ಹಳೆಯ ವಸ್ತು ಮಾರುವವರ ಕೆಲಸ ಎಂಬ ಅವರ ಮೊದಲ ಅನುಮಾನ ಅಲ್ಲೇ ಬಿದ್ದುಹೋಯಿತು. ಅದೇ ಪೆಟ್ಟಿಗೆಯ ಮೂವತ್ತೊಂಬತ್ತನೆಯ ಕಟ್ಟಿನಲ್ಲಿ ಬಣ್ಣದ ಚಿತ್ರಗಳಿದ್ದವು. ಮಾರುವವನಾಗಿದ್ದರೆ ಅದನ್ನು ಬಿಡುತ್ತಿರಲಿಲ್ಲ. ಬಂದವನಿಗೆ ಬೇಕಾಗಿದ್ದದ್ದು ನಲವತ್ತೊಂದು ಮಾತ್ರ.

ಪಂಚರ ಮುಂದೆ ಜ್ವಾಲಾಮಾಲಿನಿ ಗಿಡ್ಡ ಗರಿಗಳನ್ನು ಬೆಳಕಿಗೆ ಹಿಡಿದು ಓದಿದರು. ಎಲ್ಲವೂ ಜಾತಕಗಳು. "ಕವಲೇದುರ್ಗದ ಕೆಳಗಣ ಕಲ್ಲುಕೊಪ್ಪದ ತಮ್ಮಯ್ಯನ ಎರಡನೆಯ ಮಗ ಮಂಜಯ್ಯನ ಜನ್ಮಪತ್ರಿಕೆ," ಎಂದು ಒಂದರಲ್ಲಿತ್ತು.

ಮರುದಿನ ಕಾನ್‌ಸ್ಟೆಬಲ್ ದುಗ್ಗಪ್ಪ ಕಲ್ಲುಕೊಪ್ಪಕ್ಕೆ ಹೋದ. ಶನಿವಾರ ಸಂಜೆ 4.30ಕ್ಕೆ ತಿರುಗಿ ಬಂದ.

"ಮಂಜಯ್ಯ ಸತ್ತು ಇಪ್ಪತ್ತು ವರ್ಷ ಆತು ಸಾರ್. ಒಬ್ಬನೇ ಮಗ. ಸಾಗರದಲ್ಲಿ ಕಾಲೇಜು ಮೇಷ್ಟ್ರಂತೆ, ಡಾಕ್ಟರು ಮುಕುಂದಯ್ಯ. ಯುಗಾದಿಗೆ ಊರಿಗೆ ಬಂದಿದ್ರಂತೆ. ಅಟ್ಟ ಹತ್ತಿ ಹಳೇ ಓಲೆ ಒಂದು ಚೀಲ ತುಂಬ್ಕೊಂಡು ಹೋದ್ರಂತೆ."

ಪಂಚನಾಮೆಯ ದಿನ ಆ ಮನೆಯಿಂದ ತಂದಿದ್ದ, ಓದಲು ಬಂದವರ ರಿಜಿಸ್ಟರನ್ನು ಹೂವಪ್ಪ ತೆಗೆದರು. ಏಪ್ರಿಲ್ 22: ಡಾ. ಮುಕುಂದಯ್ಯ, ಸಾಗರ, ಓದಿದ್ದು ನಲವತ್ತನೆಯ ಕಟ್ಟು. ಜ್ವಾಲಾಮಾಲಿನಿಯವರಿಗೆ ಹೇಳಿಕಳಿಸಿದರು.

"ಇವರು ಗೊತ್ತಾ?"

"ಗೊತ್ತು ಸರ್. ಎಪ್ಪತ್ತನಾಲ್ಕರಲ್ಲಿ ಅಪ್ಪ ಇದ್ದಾಗ ಒಂಬತ್ತು ದಿನ ನಮ್ಮನೇಲೇ ಇದ್ದು ನಲವತ್ತೊಂದನ್ನ ನಕಲು ಮಾಡ್ಕೊಂಡ್ರು. ಅದನ್ನ ಅಚ್ಚು ಹಾಕ್ಸಿದ್ರು, ಡಾಕ್ಟರೇಟೂ ಬಂತು."

"ಅವರ ಮೇಲೆ ಯಾರದಾದ್ರೂ ತಕರಾರು?"

"ಪಟ್ಟಿ ನೋಡಿ ಹಳೆಗನ್ನಡ ಪಂಡಿತರು, ತೀರ್ಥಹಳ್ಳಿ ಸೀತಾರಾಮಪ್ಪನೋರು ಕಾಗದ ಬರೆದಿದ್ರು. ನೀವು ಕೊಟ್ಟ ಮೊದಲ ಪದ್ಯ ಅಚ್ಚಾದ ಪುಸ್ತಕದಲ್ಲಿ ಇಲ್ಲವೇ ಇಲ್ಲ, ಶ್ರುತಪಂಚಮಿ ಕಳೆದ ಮೇಲೆ ಬಂದು ಎರಡನ್ನೂ ಹೋಲಿಸಿ ನೋಡ್ತೀನಿ ಅಂತ. ಇದು ಹ್ಯಾಗೆ ಅಂತ ನಾನೇ ಮುಕುಂದಯ್ಯನೋರಿಗೆ ಕಾರ್ಡ್ ಹಾಕಿ ಕೇಳಿದ್ದೆ."

ಜೂನ್ 19, ಭಾನುವಾರ ಬೆಳಿಗ್ಗೆ 7.50ಕ್ಕೆ ಸಾಗರದ ಮನೆಯ ಬಾಗಿಲು ತೆಗೆದವರು ಮುಕುಂದಯ್ಯನವರ ಹೆಂಡತಿ ಶೇಷಮ್ಮ. ಯಜಮಾನರು ಪೂಜೆಗೆ ಕೂತಿದ್ದರು.

"ಮನೇಲಿ ಹಳೇ ಓಲೆಗರಿ ಏನಾದ್ರೂ ಇದ್ಯೇನಮ್ಮ?" ಹೂವಪ್ಪ ಕೇಳಿದರು.

"ಇದ್ವಲ್ಲ. ಹುಳ ಹಿಡಿದಿದಾವೆ, ಒಲೆಗೆ ಹಾಕು ಅಂದ್ರು. ಮೂರು ದಿನ ನೀರು ಕಾಯ್ಸಿದ್ದು ಅದ್ರಲ್ಲೇ. ಬಚ್ಚಲೆಲ್ಲ ಮಜ್ಜಿಗೆ ಹುಲ್ಲಿನ ವಾಸನೆ."

"ಅವರು ಆ ನೀರಲ್ಲೇ ಸ್ನಾನ ಮಾಡಿದ್ರಾ?"

"ಮತ್ತೆ? ಮೊದಲ ಸ್ನಾನ ಅವರದ್ದೇ."

ಹಿಂದೊಮ್ಮೆ ತನ್ನ ಅಣ್ಣನನ್ನೇ ಕತ್ತಿಯಿಂದ ಕಡಿದವನನ್ನು ಹೂವಪ್ಪ ಹಿಡಿದಿದ್ದರು. ಅವನಾದರೂ ಠಾಣೆಯಲ್ಲಿ ಎರಡು ದಿನ ಅನ್ನ ಮುಟ್ಟಿರಲಿಲ್ಲ. ಈ ಮನುಷ್ಯ ಮುನ್ನೂರು ವರ್ಷದ ಪುಸ್ತಕವನ್ನು ಒಲೆಗೆ ಹಾಕಿ, ಅದೇ ಬಿಸಿನೀರು ಹೊಯ್ದುಕೊಂಡು, ಗಂಧ ಇಟ್ಟುಕೊಂಡು ಪಾಠ ಹೇಳಲು ಹೋಗಿದ್ದ.

ಬಚ್ಚಲೊಲೆಯ ಹಿಂದಿನ ಗೂಡಿನಲ್ಲಿ ದುಗ್ಗಪ್ಪನಿಗೆ ಇಪ್ಪತ್ತಮೂರು ಗರಿ ಸಿಕ್ಕಿದವು. ಸೌದೆ ಚಕ್ಕೆ ಒದ್ದೆಯಾದ ದಿನ ಬೆಂಕಿ ಹೊತ್ತಿಸಲು ಬೇಕಾದೀತೆಂದು ಶೇಷಮ್ಮ ಎತ್ತಿಟ್ಟಿದ್ದರು. 8.40ಕ್ಕೆ ಮಹಜರು ಮುಗಿಯಿತು.

ಮುಕುಂದಯ್ಯ ಶಾಲು ಹೊದ್ದು ಬಂದರು. "ಹುಳ ತಿಂದ ಗರಿ, ಇನ್‌ಸ್ಪೆಕ್ಟರೇ. ಅದರ ಸಾರವೆಲ್ಲ ನನ್ನ ಪುಸ್ತಕದಲ್ಲಿದೆ."

ಹೂವಪ್ಪ ಒಂದು ಗರಿ ಮುಂದೆ ಹಿಡಿದರು. "ಹಾಗಾದ್ರೆ ಇದನ್ನ ಓದಿ."

ಮುಕುಂದಯ್ಯ ಕನ್ನಡಕ ಹಾಕಿದರು, ತೆಗೆದರು, ಒರೆಸಿದರು. "ಬೆಳಕು ಸಾಲದು."

ಹೂವಪ್ಪ ಅವರನ್ನು ಜಗಲಿಗೆ ಕರೆತಂದು ಜಾತಕದ ಗರಿ ಕೊಟ್ಟರು. "ಇದನ್ನ?"

"ಇದೂ... ಬಹಳ ಹಳೇ ಬರಹ."

"ನಿಮ್ಮ ತಂದೆಯವರ ಜಾತಕ ಸ್ವಾಮಿ. ಊರು, ಅಜ್ಜನ ಹೆಸರು, ಎಲ್ಲಾ ಇದೆ. ಕದ್ದ ಜಾಗದಲ್ಲಿ ವಿಳಾಸ ಇಟ್ಟು ಬಂದಿದ್ದೀರಿ."

9.20ಕ್ಕೆ ದಸ್ತಗಿರಿ.

ಹೇಳಿಕೆ ಒಂದೂವರೆ ಪುಟ ಬಂತು. ಒಂಬತ್ತು ದಿನ ಕೂತರೂ ಆ ಬರಹ ಅವರಿಗೆ ಒಲಿದಿರಲಿಲ್ಲ. ಎಂ.ಎ. ಓದಿದವನು ಹಳ್ಳಿಯ ಮುದುಕನ ಹತ್ತಿರ ಅಕ್ಷರ ಕೇಳುವುದು ಹೇಗೆಂದು ನಾಚಿಕೆ. ಶಾಂತಿರಾಜರು ಊಟಕ್ಕೆ ಬಡಿಸುತ್ತ "ಎಲ್ಲಾದ್ರೂ ತೊಡಕಾದ್ರೆ ಕೇಳಿ" ಎಂದು ದಿನವೂ ಹೇಳುತ್ತಿದ್ದರಂತೆ. ಇವರು ಕೇಳಲಿಲ್ಲ. ಮನೆಗೆ ಹೋಗಿ ಪದ್ಯಗಳನ್ನು ತಾವೇ ಹೊಸೆದರು. ಹೋಲಿಸಿ ನೋಡುವವರಿದ್ದಾರೆಂದು ಕಾರ್ಡಿನಿಂದ ತಿಳಿದ ಮೇಲೆ, ನಲವತ್ತನ್ನು ಓದುವ ನೆಪದಲ್ಲಿ ಪಕ್ಕದ ಕಟ್ಟಿನ ಗರಿಗಳನ್ನು ಬದಲಿಸಿದರು.

ಸೋಮವಾರ ಹೊಸನಗರ ಠಾಣೆಯಲ್ಲಿ ಇಂದ್ರಕುಮಾರ ಮೇಜಿನ ಮೇಲೆ ಬೀಗ ಇಟ್ಟರು. "ಮಾತು ಮಾತೇ, ಮಾಲಿನಿ."

ಆಕೆ ತಲೆತಗ್ಗಿಸಿದರು. ಹೂವಪ್ಪ ಅಷ್ಟರವರೆಗೆ ಕಡತದಿಂದ ಕಣ್ಣೆತ್ತಿರಲಿಲ್ಲ.

"ಹಾಕಿ ಯಜಮಾನ್ರೇ. ಆ ಮನುಷ್ಯನಿಗೆ ಬೇಕಾಗಿದ್ದದ್ದೂ ಅದೇ. ನಿಮ್ಮ ತಮ್ಮನ ಮಗಳು ಪೆಟ್ಟಿಗೆ ತೆಗೀದೆ ಇದ್ದಿದ್ರೆ ಅವನು ಸಾಯೋ ತನಕ ಪಂಡಿತನಾಗೇ ಇರ್ತಿದ್ದ."

ಇಂದ್ರಕುಮಾರ ಎದ್ದಾಗ ಬೀಗ ಮೇಜಿನ ಮೇಲೆಯೇ ಉಳಿಯಿತು. ಮರೆತದ್ದೋ ಬಿಟ್ಟದ್ದೋ ಎಂದು ಯಾರೂ ಕೇಳಲಿಲ್ಲ.

ಆಗಸ್ಟಿನಲ್ಲಿ ಎಂಬತ್ತು ವಿಳಾಸಗಳಿಗೆ ತಿದ್ದಿದ ಹಾಳೆ ಹೋಯಿತು. ಠಾಣೆಗೂ ಒಂದು ಬಂತು. ಹೂವಪ್ಪ ಅದನ್ನು ಕಡತಕ್ಕೆ ಸೇರಿಸುವ ಮೊದಲು ಓದಿದರು.

'41. ಕೇತಲಾಂಬೆ ಸಾಂಗತ್ಯ. ಗರಿ 23. ಮೊದಲಿಲ್ಲ, ಕೊನೆಯಿಲ್ಲ. ಬೇಕಾದವರು ಬಂದು ಓದಬಹುದು. ಓದಲು ಬಾರದವರಿಗೆ ಹೇಳಿಕೊಡಲಾಗುವುದು.'