ಮುಟ್ಟಬ್ಯಾಡ್ರಿ, ಸರ್!

"ಮುಟ್ಟಬ್ಯಾಡ್ರಿ!"

ಮೃಣಾಲಳ ಕೂಗಿಗೆ ವಿಶ್ರಾಮಬಾಗದ ಆ ಯೋಗವರ್ಗದಲ್ಲಿ ಎಲ್ಲರ ಕಣ್ಣೂ ತೆರೆದವು.

ಬಾಗಿದ್ದ ಅವಳ ಬೆನ್ನನ್ನು ನೆಟ್ಟಗೆ ಮಾಡಲೆಂದು ಅಂಗೈ ಇಟ್ಟಿದ್ದ ಯೋಗಶಿಕ್ಷಕ ಸಂಮೇದ, ಕಾದ ಹಂಚು ಮುಟ್ಟಿದವನಂತೆ ಕೈ ಹಿಂದೆಗೆದ.

"ತಪ್ಪಾತ್ರಿ… ಕೇಳಿ ಮುಟ್ಟಬೇಕಾಗಿತ್ತು."

ಮೃಣಾಲಳ ಕಣ್ಣುಗಳು ತುಂಬಿ ಬಂದಿದ್ದವು. ಸಿಟ್ಟಿನಿಂದ ಎಂದೇ ಎಲ್ಲರೂ ತಿಳಿದರು.

ಸಿಟ್ಟಲ್ಲ… ಆ ಅಂಗೈ ಬೆಚ್ಚಗಿತ್ತು. ಅದನ್ನು ಯಾರಿಗೆ ಹೇಗೆ ಹೇಳುವುದು?

ಮಿರಜಿನ ಒಂದು ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವುದು ಅವಳ ಕೆಲಸ. ದಿನವೂ ಎಷ್ಟೋ ಜನರ ತೋಳು ಹಿಡಿಯುತ್ತಿದ್ದಳು. ಗಂಡನಿಂದ ಸೋಡಚೀಟಿ ಆಗಿ ಬೇರೆಯಾದ ಮೇಲೆ ಅವಳ ತೋಳು ಹಿಡಿದವರು ಯಾರೂ ಇರಲಿಲ್ಲ.

ಬೇಡಗ ಊರಿನ ತವರಿಗೆ ಹೋದರೆ ಅಣ್ಣ-ವೈನಿ ಚಹಾ ಕೊಟ್ಟು, ತಿರುಗಿ ಹೋಗುವ ಬಸ್ಸು ಯಾವಾಗ ಎಂದು ಕೇಳುತ್ತಿದ್ದರು. ಸಂಜೆ ಬಾಡಿಗೆ ಕೋಣೆಯ ಬೀಗ ತೆಗೆದರೆ, ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಜೈನರ ನೇಮದಂತೆ ಹೊತ್ತು ಮುಳುಗುವ ಮೊದಲೇ ಒಬ್ಬಳೇ ಕುಳಿತು ಉಣ್ಣುತ್ತಿದ್ದಳು.

ಕೆಳಗಿನ ಮನೆಯ ಹಿರಿಯಾಕೆ ಶಾಲನ ಮಾವಶಿಯೇ ಅವಳನ್ನು ವರ್ಗಕ್ಕೆ ಎಳೆದುಕೊಂಡು ಬಂದಿದ್ದಳು. "ಪಾಸಿಟಿವ್ ಎನರ್ಜಿ ಬರತೈತಿ, ಬಾರವ್ವ!"

ನಾಚಿಕೆ ನುಂಗಿಕೊಂಡು ಮರುದಿನವೂ ಹೋದಳು. ಅಂದು ಸಂಮೇದ ಎಲ್ಲರಿಗೂ ಹೇಳಿದ:

"ಎನರ್ಜಿ ಮ್ಯಾಲಿಂದ ಬಂದು ಬೀಳೂದಿಲ್ರಿ. ಬ್ಯಾಸರ ಇದ್ದಾಗನೂ ಎದ್ದು ಚಾಪಿ ಹಾಸತೀರಲ್ಲ… ಅದ ಎನರ್ಜಿ."

'ನನಗೇ ಅಂದನೇ?'

ಬುಧಗಾಂವದಿಂದ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದ ಅವನ ಕಥೆಯನ್ನು ಮಾವಶಿ ಹೇಳಿದಳು. ಲಕ್ವಾ ಹೊಡೆದು ಮಲಗಿದ ತಾಯಿಯ ಸೇವೆಯಲ್ಲೇ ಮದುವೆಯ ವಯಸ್ಸು ಕಳೆದಿತ್ತಂತೆ. ಹೋದ ವರ್ಷ ಆ ತಾಯಿಯೂ ತೀರಿಕೊಂಡಳಂತೆ.

ಮೃಣಾಲಳಿಗೆ ನಿಧಾನವಾಗಿ ನಿದ್ದೆ ಹತ್ತತೊಡಗಿತು. ಸೂಜಿ ಕಂಡು ಅಂಜುವವರಿಗೆ ಈಗ ಅವಳೇ ಹೇಳುತ್ತಿದ್ದಳು, "ಉಸರ ಮೆಲ್ಲಕ ಬಿಡ್ರಿ…"

ಆದರೆ ಸಂಮೇದ ಅವಳ ಚಾಪೆಯ ಹತ್ತಿರ ಸುಳಿಯಲೇ ಇಲ್ಲ! ಉಳಿದವರನ್ನು "ಮುಟ್ಟಲೇನ್ರಿ?" ಎಂದು ಕೇಳಿ ತಿದ್ದುತ್ತಿದ್ದ. ಅವಳಿಗೆ ಮಾತ್ರ ದೂರದಿಂದಲೇ ಮಾತು. ಒಂದು ದಿನ ಅದೂ ಇಲ್ಲ.

"ಮಾವಶಿ, ಅವರ ಬೆನ್ನು ನೀವ ನೆಟ್ಟಗ ಮಾಡ್ರಿ."

'ನನ್ನ ಹತ್ತಿರ ಬರಲೂ ಅವನಿಗೆ ಬೇಡವಾಗಿದೆ…!'

ಮರುದಿನದಿಂದ ಅವಳು ಹೋಗಲಿಲ್ಲ. ಕೋಣೆಯ ಕಿಟಕಿ ತೆರೆದು ಒಬ್ಬಳೇ ಸೂರ್ಯನಮಸ್ಕಾರ ಹಾಕಿದಳು. ಮೈ ಹೇಳಿದಂತೆ ಕೇಳಿತು. ಆದರೆ ವರ್ಗದಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಡುವ ಆ ಸದ್ದು ಇಲ್ಲಿರಲಿಲ್ಲ. ತನ್ನದೊಂದೇ ಉಸಿರು… ಅದನ್ನು ಕೇಳುತ್ತ ಕುಳಿತಳು.

ಹೀಗೇ ಕೆಲವು ದಿನ ಕಳೆದವು. ಒಂದು ಮುಂಜಾನೆ ಲ್ಯಾಬಿನಲ್ಲಿ "ಮುಂದಿನವ್ರು ಬರ್ರಿ" ಎಂದು ತಲೆ ಎತ್ತಿದರೆ… ಎದುರಿಗೆ ಸಂಮೇದ!

"ಶುಗರ್ ಟೆಸ್ಟ್ ಮಾಡಸಬೇಕಿತ್ರಿ."

"ಉಪಾಶಿ ಬಂದೀರೇನ್ರಿ?"

"ಹೂಂ."

ಅವಳು ಅವನ ತೋಳು ಹಿಡಿದಳು. ಬೆರಳ ಕೆಳಗೆ ನಾಡಿ ಓಡುತ್ತಿತ್ತು.

"ಸೂಜಿಗೆ ಅಂಜತೀರೇನ್ರಿ, ಸರ್?"

"ಸೂಜಿಗಲ್ರಿ… ನಿಮಗ." ಅವನು ತಲೆ ತಗ್ಗಿಸಿದ. "ನನಗೇನೂ ಶುಗರ್ ಇಲ್ರಿ. ನೀವ ಬರೂದ ಬಿಟ್ರಿ. ನನ್ನಿಂದನ ಬಿಟ್ರೇನೋ ಅಂತ ಜೀವಕ್ಕ ಸಮಾಧಾನ ಇಲ್ಲ. ಮನಿಗಿ ಬಂದ್ರ ನಾಕ ಮಂದಿ ನಿಮಗ ಏನರೆ ಅಂತಾರ… ಅದಕ್ಕ ಮಾವಶೀನ ಕೇಳಿ ಇಲ್ಲಿಗೆ ಬಂದೆ."

"ದೂರ ನಿಂತವ್ರು ನೀವು! ಮಾವಶೀನ ಕಳಿಸಿದವ್ರು ನೀವು!"

"ಮುಟ್ಟಬ್ಯಾಡ್ರಿ ಅಂದಿದ್ರಲ್ರಿ. ಅದನ್ನ ಹ್ಯಾಂಗ ಮೀರಲಿ?"

ಹಿಡಿದ ತೋಳು ಬಿಡದೆ ಮೃಣಾಲ ಅಂದಳು:

"ಆವತ್ತ ಸಿಟ್ಟ ಬಂದಿರ್ಲಿಲ್ರಿ… ನನ್ನ ಯಾರರೆ ಮುಟ್ಟಿ ಭಾಳ ದಿನ ಆಗಿತ್ತು. ಅಂಜಿ ಒದರಿದೆ. ನೀವ ಕೈ ತಗದ ಮ್ಯಾಲ… ಅಳು ಬಂತು."

ಸಂಮೇದ ಅವಳನ್ನೇ ನೋಡಿದ. ಆಮೇಲೆ ಮೆಲ್ಲಗೆ ಅಂದ:

"ಅವ್ವ ಹೋದ ಮ್ಯಾಲ ನನಗ ಮುಂಜಾನಿ ಆದ್ರೂ ಅಷ್ಟ, ಸಂಜಿ ಆದ್ರೂ ಅಷ್ಟ. ಬ್ಯಾರೆದವ್ರಿಗೆ ಸಮಾಧಾನ ಕಲಿಸಿ, ಖಾಲಿ ಮನಿಗಿ ಹೋಗತಿದ್ದೆ. ನೀವ ಬರಾಕ ಹತ್ತಿದ ಮ್ಯಾಲ ಮುಂಜಾನಿ ಯಾವಾಗ ಆದೀತು ಅಂತ ಕಾಯಾಕ ಹತ್ತಿದೆ… ನೀವ ನನಗ ಬೇಕ್ರಿ, ಮೃಣಾಲ."

ಪರೀಕ್ಷೆಗೆ ಹೆಸರು ಬರೆಸಿಯಾಗಿತ್ತು; ಅವಳು ರಕ್ತ ತೆಗೆದಳು. ಹತ್ತಿ ಒತ್ತಿದಳು. ಹತ್ತಿಯನ್ನು ಅವನೇ ಹಿಡಿದುಕೊಳ್ಳಬಹುದಿತ್ತು. ಅವಳು ಬೆರಳು ತೆಗೆಯಲಿಲ್ಲ. ಇನ್ನೆಷ್ಟು ಹೊತ್ತು ಎಂದು ಹೊರಗಿನಿಂದ ಯಾರೋ ಮರಾಠಿಯಲ್ಲಿ ಗದರಿದರು. ಆಗಲೂ ತೆಗೆಯಲಿಲ್ಲ.

"ಸಂಜಿಗೆ ಊಟಕ್ಕ ಬರ್ರಿ," ಎಂದಳು ಕೊನೆಗೆ.

"ನಾಕ ಮಂದಿ ನೋಡತಾರ್ರಿ…"

"ನೋಡ್ಲಿ ಬಿಡ್ರಿ! ಹೊತ್ತು ಮುಳುಗೂದ್ರಾಗ ಬರ್ರಿ. ಮುಳುಗಿದ ಮ್ಯಾಲ ನಾ ಉಣ್ಣೂದಿಲ್ಲ. ನೀವ ತಡಾ ಮಾಡಿದ್ರ ಇವತ್ತೂ ಒಬ್ಬಾಕಿನ ಉಣಬೇಕಾಕ್ಕೈತಿ."

ಸಂಮೇದ ಅವಳ ಬೆರಳುಗಳ ಮೇಲೆ ತನ್ನ ಅಂಗೈ ಇಟ್ಟ.

"ಇನ್ನ ಮ್ಯಾಲ ನಿಮ್ಮನ್ನ ಒಬ್ಬಾಕೀನ ಉಣ್ಣಾಕ ಬಿಡೂದಿಲ್ರಿ."