ಅಮ್ಮನಿಂದ ಬಂದ ರಕ್ತ

"ಮುಂದಿನ ಸಲ ನಿಮ್ಮ ರಕ್ತ ತೆಗೆಯೋಕೆ ಬೇರೆ ನರ್ಸ್ ಬರ್ತಾರೆ," ಎಂದಳು ಸಿಗ್ನೆ, ಸೂಜಿ ಹೊರಗೆಳೆಯುತ್ತ.

ಟೂರ್ಕೆಲ್‌ನ ಮುಖ ಸಪ್ಪಗಾಯಿತು. ಈಸ್ಟಾಡ್ ಬಂದರಿನ ಪಕ್ಕದಲ್ಲಿ ಮೀನಿಗೆ ಹೊಗೆ ಹಾಕಿ ಹದಮಾಡಿ ಮಾರುವವನು ಅವನು. ಮೈಯ ವಾಸನೆಯೇ ಕಾರಣವಿರಬೇಕೆಂದು ತೋಳನ್ನು ಹಿಂದಕ್ಕೆಳೆದುಕೊಂಡ. "ನಾನೇನು ತಪ್ಪು ಮಾಡಿದೆ?"

"ನೀವಲ್ಲ, ನಾನು. ನಿಮ್ಮ ಜೊತೆ ಕಾಫಿ ಕುಡೀಬೇಕು ಅನ್ನಿಸ್ತಿದೆ. ನಾವು ನಡೆಸ್ತಿರೋ ಈ ರಕ್ತದ ಅಧ್ಯಯನದ ನಿಯಮ ಅದಕ್ಕೆ ಒಪ್ಪಲ್ಲ. ಅದಕ್ಕೇ ನಿಮ್ಮ ಫೈಲ್ ಬೇರೆಯವರಿಗೆ ಕೊಟ್ಟೆ."

ಅವನ ಕಿವಿಯ ತುದಿ ಕೆಂಪಾಗುವುದನ್ನು ಅವಳು ಕುತೂಹಲದಿಂದ ನೋಡಿದಳು.

ಆ ಬೇಸಗೆಯಿಡೀ ಅವಳ ಪ್ರಶ್ನೆಗಳು ಮುಗಿಯಲಿಲ್ಲ. ಹೊಗೆಗೆ ಯಾವ ಕಟ್ಟಿಗೆ? ಮೀನು ಹದವಾದದ್ದು ಹೇಗೆ ಗೊತ್ತಾಗುತ್ತೆ? ನಗುವಾಗ ಒಂದೇ ಕಣ್ಣು ಯಾಕೆ ಮುಚ್ತೀಯ? ಕೊನೆಯದಕ್ಕೆ ಅವನು ಮತ್ತೆ ನಕ್ಕ, ಒಂದೇ ಕಣ್ಣು ಮುಚ್ಚಿ.

ಸೆಪ್ಟೆಂಬರಿನಲ್ಲಿ ಅವನ ರಕ್ತಪರೀಕ್ಷೆಯ ಫಲಿತಾಂಶ ಬಂತು. ರಕ್ತ ಬೇಗ ಹೆಪ್ಪುಗಟ್ಟುವ ಗುಣ, ಅಮ್ಮನಿಂದ ಬಂದದ್ದು. ಅಮ್ಮ ಗುನ್ವೋರಳ ಕಾಲಿನಲ್ಲಿ ಎರಡು ಸಲ ರಕ್ತ ಹೆಪ್ಪುಗಟ್ಟಿತ್ತು. ಆಮೇಲೆ ಮರೆವು ಶುರುವಾಗಿ, ಈಗ ಹೆತ್ತ ಮಗನನ್ನೇ ಪೋಸ್ಟ್‌ಮ್ಯಾನ್ ಎಂದು ಕರೆಯುತ್ತಿದ್ದಳು.

ಟೂರ್ಕೆಲ್ ಸಿಗ್ನೆಯ ಫೋನ್ ಎತ್ತುವುದನ್ನು ನಿಲ್ಲಿಸಿದ.

ಒಂಬತ್ತನೆಯ ದಿನ ಅವಳು ಹೊಗೆಮನೆಯ ಬಾಗಿಲಲ್ಲಿ ಬಂದು ನಿಂತಳು. "ಬಿಟ್ಟುಹೋಗೋದಾದ್ರೆ ಜಗಳ ಆಡಿ ಹೋಗು. ಹೀಗೆ ಸುಮ್ನೆ ಹೋಗ್ಬೇಡ."

"ಅಮ್ಮನ ಹಾಗೇ ನಾನೂ ಆದ್ರೆ? ಒಂದಿನ ನಿನ್ನನ್ನೂ ಪೋಸ್ಟ್‌ಮ್ಯಾನ್ ಅಂದುಬಿಟ್ರೆ?"

"ಅಂತೀಯೋ ಇಲ್ವೋ, ಯಾರಿಗೂ ಗೊತ್ತಿಲ್ಲ ಕಣೋ. ಈ ರಕ್ತಕ್ಕೂ ಮರೆವಿಗೂ ನಂಟು ಇದ್ಯಾ ಅಂತಾನೇ ನಾವು ಹುಡುಕ್ತಿರೋದು. ಗೊತ್ತಿದ್ರೆ ನಿನ್ನ ತೋಳಿಗೆ ಚುಚ್ಚೋಕೆ ನಾನ್ಯಾಕೆ ಬರ್ತಿದ್ದೆ?"

"ಗೊತ್ತಾಗೋವರೆಗೂ ಏನ್ಮಾಡೋದು?"

"ಅಷ್ಟು ದಿನ ಕಾಯೋಕೆ ನನಗೆ ಆಗಲ್ಲ. ನಿನಗೆ ಆಗುತ್ತಾ?"

ಅವನು ಮೀನು ನೇತುಹಾಕಿದ್ದ ಸರಳುಗಳನ್ನು ಒಂದೊಂದಾಗಿ ತಿರುಗಿಸಿದ. "ನಾನು ಒಬ್ನೇ ಇದ್ದಿದ್ರೆ ಇಷ್ಟು ಹೆದರಿಕೆ ಆಗ್ತಿರ್ಲಿಲ್ಲ, ಸಿಗ್ನೆ. ನೀನು ಬೇಕು ಅನ್ನಿಸಿದೆಯಲ್ಲ, ಅದಕ್ಕೇ."

"ಅಬ್ಬ! ಇದನ್ನ ಹೇಳೋಕೆ ಒಂಬತ್ತು ದಿನ ಬೇಕಾಯ್ತಾ?" ಅವಳ ಕಣ್ಣು ತುಂಬಿತ್ತು. ಹೊಗೆಯಿಂದ ಎಂದಳು.

ಅಕ್ಟೋಬರಿನಲ್ಲಿ ಇಬ್ಬರೂ ಅವಳ ಅಣ್ಣನನ್ನು ನೋಡಲು ದೂರದ ಕಿರುನಾಕ್ಕೆ ರೈಲು ಹತ್ತಿದರು. ಕೂತೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೀತೆಂದು, ಗಂಟೆಗೊಮ್ಮೆ ನಡೆಯಲು ಡಾಕ್ಟರ್ ಹೇಳಿದ್ದರು. ಸಿಗ್ನೆ ಅವನ ಕೈ ಹಿಡಿದು ಬೋಗಿಯ ಉದ್ದಕ್ಕೂ ನಡೆಸಿದಳು. ಜನ ಕಾಲು ಮಡಚಿ ದಾರಿ ಬಿಟ್ಟರು.

ಮರಳಿ ಬಂದು ಅವಳು ಪುಸ್ತಕ ತೆರೆಯುವಷ್ಟರಲ್ಲಿ ಅವನು ಮತ್ತೆ ಎದ್ದು ನಿಂತ.

"ಇನ್ನೂ ಹತ್ತು ನಿಮಿಷಾನೂ ಆಗಿಲ್ಲ!"

"ಗೊತ್ತು," ಎಂದು ಟೂರ್ಕೆಲ್ ಕೈ ಚಾಚಿದ.